ಪಿಸ್ತೂಲಿಗೆ ಬೀಟೆ ಮರದ ಹಿಡಿ

ಹೋದ ವಾರ ಎದುರುಮನೆಯವರು ಹಿತ್ತಿಲಲ್ಲಿ ಡೆಕ್ ಕಟ್ಟಿಸುತ್ತಿದ್ದರು. ಯಾವುದೋ ದುಬಾರಿ ಮರವಂತೆ, ಡ್ರೈವ್‌ವೇನಲ್ಲೇ ಕೊಯ್ಯುತ್ತಿದ್ದರು. ಅಡುಗೆಮನೆಯ ಕಿಟಕಿ ತೆಗೆದದ್ದೇ ತಡ, ಬಿಸಿ ಮರದ ಪುಡಿಯ ಸಿಹಿ ವಾಸನೆ ಒಳಗೆ ನುಗ್ಗಿತು. ಒಗ್ಗರಣೆ ಸೀದುಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆ. ಪಕ್ಕದ ಮನೆಯ ಅಂಕಲ್ ನೆನಪಾದರು. ಅವರು ತೀರಿಕೊಂಡು ಕೆಲವು ವರ್ಷಗಳೇ ಆದವು. ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಎನ್ನುತ್ತಾರೆ. ಒಳ್ಳೆಯದನ್ನೇ ಹೇಳೋಣವೆಂದರೆ ಅದೂ ನೆನಪಿಗೆ ಬರಬೇಕಲ್ಲ...

ಮೈಸೂರಿನವರು. ಬ್ರಿಡ್ಜ್‌ವಾಟರ್‌ನ ಔಷಧಿ ಕಂಪನಿಯೊಂದರಲ್ಲಿ ದುಡಿದು ನಿವೃತ್ತರಾಗಿದ್ದರು. ನಾವು ಅಮೆರಿಕದ ಈ ಹಿಲ್ಸ್‌ಬರೋಗೆ ಬಂದ ಹೊಸತರಲ್ಲಿ ನಮಗೆ ಹಿಮ ತೆಗೆಯುವ ಸ್ನೋ ಬ್ಲೋವರ್ ಕೊಟ್ಟವರು ಅವರೇ. ಯಾರ ಅಪ್ಪ ಅಮ್ಮ ಬಂದರೂ ಏರ್‌ಪೋರ್ಟಿಗೆ ಅಂಕಲ್ ಕಾರು ಹೋಗುತ್ತಿತ್ತು. ಹಾಗಾಗಿ ಅವರೇನು ಹೇಳಿದರೂ ಯಾರೂ ಎದುರಾಡುತ್ತಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು ಎಂದು ನಾನು ನನ್ನ ಗಂಡನಿಗೆ ಹೇಳಿದರೆ, ಅವರು ಮೊದಲು ಕಿಟಕಿ ಮುಚ್ಚುತ್ತಿದ್ದರು.

ಆಂಟಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿತ್ತು. ಮಾತು ಬಂತು, ಕಾಲು ಬಂತು, ಕೈ ಮಾತ್ರ ಬರಲಿಲ್ಲ. ಊಟಕ್ಕೆ ಕೂತರೆ ಅಂಕಲ್ ಆಂಟಿಯ ಕೊರಳಿಗೆ ಟವೆಲ್ ಕಟ್ಟಿ, ಟೀವಿ ನೋಡುತ್ತಾ ಚಮಚದಲ್ಲಿ ತುರುಕುತ್ತಿದ್ದರು. ಎಡಗೈಯಲ್ಲಿ ತಿನ್ನಲು ಆಂಟಿ ಒಪ್ಪುತ್ತಿರಲಿಲ್ಲ. ಅದೊಂದನ್ನು ಮಾತ್ರ ನನ್ನಿಂದ ಮಾಡಿಸಬೇಡಿ ಎಂದುಬಿಟ್ಟಿದ್ದರು. ಸಾರನ್ನ ತಾನೇ ಕಲಸಿ, ತನ್ನ ಕೈಯಿಂದ ಬಾಯಿಗಿಟ್ಟುಕೊಳ್ಳಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಥೆರಪಿಗೆ ಬರುತ್ತಿದ್ದ ಹುಡುಗಿ, ಚಿಕ್ಕಂದಿನಿಂದ ಕೈಗೆ ರೂಢಿಯಾದ ಆಟವೇನಾದರೂ ಇದೆಯೇ ಎಂದು ಕೇಳಿದಳಂತೆ. ಆಂಟಿ ಮಂಚದ ಕೆಳಗಿನಿಂದ ಅಳಗುಳಿ ಮಣೆ ತೆಗೆಸಿದರು. ಅವರ ಅಮ್ಮ ಬಳುವಳಿಯಾಗಿ ತಂದದ್ದು. ಕಪ್ಪು ಬೀಟೆ ಮರ, ನಡುವೆ ಹಿತ್ತಾಳೆಯ ಪುಟ್ಟ ಹೂವು, ಅದರಲ್ಲಿ ಒಂದು ಎಸಳು ಮುರಿದಿತ್ತು. ಹುಡುಗಿ ಕುಣಿದಾಡಿಬಿಟ್ಟಳು. ಗುಳಿಯಿಂದ ಬೀಜ ಹೆಕ್ಕು, ಮುಂದಿನ ಗುಳಿಗಳಿಗೆ ಒಂದೊಂದೇ ಬಿಡು. ಬೆರಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ತನ್ನ ಬ್ಯಾಗಿನಲ್ಲೂ ಇಲ್ಲ ಎಂದಳು. ಮಧ್ಯಾಹ್ನ ನಾನು ಎದುರಾಳಿಯಾಗಿ ಹೋಗಿ ಕೂರುತ್ತಿದ್ದೆ. ಮೊದಮೊದಲು ಹುಣಸೆಬೀಜ ಅವರ ಬೆರಳಿಗೆ ಸಿಕ್ಕುತ್ತಲೇ ಇರಲಿಲ್ಲ, ಇಡೀ ಕಾರ್ಪೆಟ್ ತುಂಬಾ ಬೀಜ. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಸುತ್ತು ಪೂರ್ತಿ ಬಿಡುತ್ತಿದ್ದರು. ನನ್ನನ್ನು ಸೋಲಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಒಮ್ಮೆ ಮೊಸರನ್ನದ ಒಂದು ತುತ್ತನ್ನು ತುಟಿಯ ತನಕ ತಂದಿದ್ದರು. ಅರ್ಧ ಮಡಿಲಿಗೆ ಬಿತ್ತು. ಆದರೂ ಅವತ್ತು ಇಬ್ಬರಿಗೂ ಹಬ್ಬ.

ಅದೇ ಕಾಲಕ್ಕೆ ಅಂಕಲ್ ಪಿಸ್ತೂಲಿನ ಹಿಂದೆ ಬಿದ್ದಿದ್ದರು. ಯೂರೋಪಿನ ಯಾವುದೋ ಕಂಪನಿ ಬಹಳ ಹಿಂದೆಯೇ ಮಾಡುವುದನ್ನು ನಿಲ್ಲಿಸಿದ ಸೆಮಿ-ಆಟೋಮ್ಯಾಟಿಕ್. ಟೌನ್‌ಶಿಪ್ ಪೊಲೀಸರ ಪರ್ಮಿಟ್‌ಗೆ ಅರ್ಜಿ ಹಾಕಿದರು. ಇವರು ಸಭ್ಯರು ಎಂದು ಹೇಳಲು ಗೊತ್ತಿದ್ದವರು ಬೇಕಿತ್ತು. ಏರ್‌ಪೋರ್ಟಿನ ಋಣವಿದ್ದ ನಮ್ಮವರು ನಾ ಮುಂದು ತಾ ಮುಂದು ಎಂದು ಹೇಳಿದರು. ನನ್ನನ್ನು ಯಾರೂ ಕೇಳಲಿಲ್ಲ. ಬೇರೆ ರಾಜ್ಯದ ಮಾರಾಟಗಾರನಿಂದ ಇಲ್ಲಿನ ಡೀಲರ್ ಅಂಗಡಿಗೆ ಅದು ಬಂದ ದಿನ ಅಂಕಲ್ ಎಲ್ಲರನ್ನೂ ಕಾಫಿಗೆ ಕರೆದರು. ಆಂಟಿ ಸೋಫಾದ ತುದಿಯಲ್ಲಿ ಕೂತಿದ್ದರು.

"ನಮ್ಮನೇಲಿ ಎರಡು ಡಿಸ್ಕಂಟಿನ್ಯೂಡ್ ಮಾಡೆಲ್ ಇದೆ. ಇದಕ್ಕೆ ಮಾರ್ಕೆಟ್‌ನಲ್ಲಿ ಬೆಲೆ ಇದೆ, ಇನ್ನೊಂದಕ್ಕೆ ಸ್ಪೇರ್ ಪಾರ್ಟ್ಸೂ ಸಿಗಲ್ಲ," ಎಂದರು ಅಂಕಲ್.

ಎಲ್ಲರೂ ನಕ್ಕರು. ಆಂಟಿಯೂ ನಕ್ಕರು, ಪಾಪ.

ಆಮೇಲೆ ಶುರುವಾಯಿತು ಅದರ ಸಿಂಗಾರ. ಗುರಿ ನೋಡುವ ಮೊನೆ ಬದಲಾಯಿತು, ಗುಂಡು ಹಾರಿಸಲು ಎಳೆಯುವ ಕುದುರೆ ನಯವಾಯಿತು. ಪ್ರತಿ ಭಾನುವಾರ ಅದನ್ನು ಊಟದ ಮೇಜಿನ ಮೇಲೆ ಬಿಚ್ಚಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಹನಿ ಹನಿ ಎಣ್ಣೆ ಬಿಡುತ್ತಿದ್ದರು. ಆಂಟಿಯ ಕೈಗೂ ದಿನಾ ಎಣ್ಣೆ ಹಚ್ಚಿ ನೀವಬೇಕು ಎಂದು ಥೆರಪಿ ಹುಡುಗಿ ಹೇಳಿದ್ದಳು. ಆ ಎಣ್ಣೆಯ ಬಾಟಲಿಯ ಸೀಲು ಕೂಡ ಒಡೆದಿರಲಿಲ್ಲ. ಕೊನೆಗೆ ನಾನೇ ಅದನ್ನು ಒಡೆದು, ಹೋದಾಗಲೆಲ್ಲ ಹಚ್ಚುತ್ತಿದ್ದೆ. ಮೇಜಿನ ಆ ಕಡೆ ಅವರು ಕಬ್ಬಿಣ ನೀವುತ್ತಿದ್ದರು, ಈ ಕಡೆ ನಾನು ಅವರ ಹೆಂಡತಿಯ ಬೆರಳು. ಆ ಪಿಸ್ತೂಲಿನ ಹಿಡಿಗೆ ಹೊದಿಸಿದ್ದ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ, ಅಂಥದ್ದು ಈಗ ಎಲ್ಲೂ ಸಿಗುತ್ತಿಲ್ಲ ಎನ್ನುವುದೊಂದೇ ಅವರಿಗೆ ಕೊರಗು.

ಬೇಸಿಗೆಯಲ್ಲಿ ನಾನು ರಜೆಗೆಂದು ಊರಿಗೆ ಹೋಗಿ ಬಂದೆ. ವಾಪಸು ಬಂದಾಗ ಮಣೆ ಇರಲಿಲ್ಲ. ಪಾಲಿಶ್‌ಗೆ ಕೊಟ್ಟಿದ್ದಾರೆ, ದಸರಾಕ್ಕೆ ಬರುತ್ತಂತೆ ಎಂದರು ಆಂಟಿ. ಗೊಂಬೆಗಳ ಜೊತೆ ಇಡಬೇಕಲ್ಲ, ಮಿರಿಮಿರಿ ಮಿಂಚಲಿ ಎಂದು ಸಂತೋಷದಲ್ಲೇ ಇದ್ದರು. ತನ್ನ ವಸ್ತುವೊಂದನ್ನು ಗಂಡ ಪಾಲಿಶ್‌ಗೆ ಕೊಟ್ಟನಲ್ಲ ಎಂಬ ಹೆಮ್ಮೆ ಬೇರೆ...

ಆಯುಧಪೂಜೆಯ ದಿನ ಅಂಕಲ್ ಎಲ್ಲರನ್ನೂ ಕರೆದರು. ನಮ್ಮ ಕಡೆಯವರು ಇಲ್ಲಿ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ, ಲ್ಯಾಪ್‌ಟಾಪಿಗೆ ಹೂವು ಏರಿಸುತ್ತಾರೆ. ಅವರ ಮನೆಯಲ್ಲಿ ರೇಷ್ಮೆ ವಸ್ತ್ರದ ಮೇಲೆ ಪಿಸ್ತೂಲು ಮಲಗಿತ್ತು, ಚೆಂಡುಹೂವಿನ ನಡುವೆ. ಹೊಸ ಹಿಡಿ, ಕಪ್ಪು ಬೀಟೆ ಮರ. ಎಲ್ಲರೂ ಬಗ್ಗಿ ನೋಡಿ ವಾಹ್ ಎನ್ನುತ್ತಿದ್ದರು.

ಆಂಟಿ ಕುಂಕುಮದ ಬಟ್ಟಲನ್ನು ಎಡಗೈಯಲ್ಲಿ ತಂದರು.

"ಬಲಗೈಲಿ ಇಡು. ಪೂಜೆ ಇದು. ಎಡಗೈ ಗಿಡಗೈ ಎಲ್ಲ ಬೇಡ," ಎಂದರು ಅಂಕಲ್.

ಆಂಟಿ ಬಟ್ಟಲು ಕೆಳಗಿಟ್ಟು, ನಡುಗುವ ಬಲಗೈಯಲ್ಲಿ ಚಿಟಿಕೆ ಕುಂಕುಮ ಹಿಡಿದರು. ಕೈ ಸೋತು ಪಿಸ್ತೂಲಿನ ಹಿಡಿಯ ಮೇಲೆ ಕೂತಿತು. ಹೆಬ್ಬೆರಳ ಕೆಳಗೆ ಹಿತ್ತಾಳೆಯ ಹೂವು. ಅವರ ಬೆರಳು ಮುರಿದ ಎಸಳಿನ ಜಾಗವನ್ನು ಹುಡುಕಿತು, ಸಿಕ್ಕಿತು. ಕುಂಕುಮವೆಲ್ಲ ಕಬ್ಬಿಣದ ಸಂದಿಗೆ ಸುರಿಯಿತು.

"ಇದು... ಅಮ್ಮನ ಮಣೆ ಅಲ್ವೇನ್ರೀ?"

"ಹ್ಞೂಂ. ಅಂಥ ಮರ ಈಗ ದುಡ್ಡು ಕೊಟ್ರೂ ಸಿಗಲ್ಲ. ಪೆನ್ಸಿಲ್ವೇನಿಯಾದಲ್ಲಿ ಒಬ್ಬನ ಹತ್ರ ಕೊಯ್ಸಿ ಮಾಡ್ಸಿದೆ. ಥೂ, ಏನೇ ಇದು! ಆ ಪುಡಿ ಎಲ್ಲ ಒಳಗೆ ಹೋಯ್ತಲ್ಲ, ಈಗ ಯಾರು ಕ್ಲೀನ್ ಮಾಡ್ತಾರೆ?"

ನನಗೆ ತಡೆಯಲಾಗಲಿಲ್ಲ. "ಅಂಕಲ್, ಆಂಟಿ ಕೈ ಸರಿಹೋಗ್ತಾ ಇದ್ದದ್ದೇ ಆ ಮಣೆಯಿಂದ. ಗೊತ್ತಿತ್ತು ತಾನೇ ನಿಮಗೆ?" ಎಂದೆ.

"ಅವಳಿಗೆ ಬೇಕಾಗಿರೋದು ಗುಳಿ ತಾನೇಮ್ಮ? ಕೇಕ್ ಬೇಯ್ಸೋ ಮಫಿನ್ ಟ್ರೇ ತಂದಿಟ್ಟಿದ್ದೀನಿ. ಸೇಮ್ ಥಿಂಗ್."

ಯಾರೋ ಕಿಸಕ್ಕೆಂದರು. ಇನ್ಯಾರೋ "ಹಬ್ಬದ ದಿನ ಬಿಡ್ರೀ" ಎಂದು ನನ್ನ ತೋಳು ಹಿಡಿದರು. ನಾನು ಪ್ರಸಾದ ಮುಟ್ಟದೆ ಎದ್ದು ಬಂದೆ. ನನ್ನ ಗಂಡ ಸ್ವಲ್ಪ ಹೊತ್ತಿನ ಮೇಲೆ ಇಬ್ಬರ ಪಾಲಿನ ಕೋಸಂಬರಿ ಹಿಡಿದುಕೊಂಡು ಬಂದರು.

ಮಫಿನ್ ಟ್ರೇಯನ್ನು ಆಂಟಿ ಮುಟ್ಟಲಿಲ್ಲ. ನಾನು ಬೆಲ್‌ರೋಸ್‌ವರೆಗೆ ಡ್ರೈವ್ ಮಾಡಿ, ಹಿಲ್‌ಸೈಡ್ ಅವೆನ್ಯೂನ ಇಂಡಿಯನ್ ಅಂಗಡಿಯೊಂದರಲ್ಲಿ ಹಗುರ ಮರದ ಮಣೆ ಹುಡುಕಿ ತಂದೆ. ಅದನ್ನೂ ಮುಟ್ಟಲಿಲ್ಲ. "ಬೇಡಮ್ಮ. ಇದನ್ನೂ ಏನಕ್ಕಾದ್ರೂ ಕೊಯ್ಸ್ತಾರೆ," ಎಂದಷ್ಟೇ ಹೇಳಿದರು. ಅವತ್ತಿನಿಂದ ಬಲಗೈ ಸೆರಗಿನೊಳಗೆ ಸೇರಿತು. ಬೆರಳುಗಳು ಮಡಚಿಕೊಂಡು, ಮೆಲ್ಲಗೆ ಬಿಗಿದುಕೊಂಡು, ಕೊನೆಗೆ ಬಿಡಿಸಲು ಹೋದರೆ ನೋವಿನಿಂದ ಕೂಗುವಂತಾಯಿತು. ಥೆರಪಿ ಹುಡುಗಿ ಬರುವುದನ್ನು ಅಂಕಲ್ ನಿಲ್ಲಿಸಿದರು. ಪ್ರೋಗ್ರೆಸ್ ಇಲ್ಲದ ಮೇಲೆ ಯಾಕೆ, ಅಲ್ಲವೇ?

ಅಂಕಲ್ ಹೋದದ್ದು ನಿದ್ದೆಯಲ್ಲಿ, ಒಂದು ಸಣ್ಣ ನರಳಾಟವೂ ಇಲ್ಲದೆ. ಪುಣ್ಯವಂತರು ಎಂದರು ಎಲ್ಲ. ದೇವರ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಅವರ ಮಗಳು ಬಂದು ಪಿಸ್ತೂಲನ್ನು ಡೀಲರ್‌ಗೆ ತೋರಿಸಿದಾಗ ಅವನು ತಿರುಗಿಸಿ ಮುರುಗಿಸಿ ನೋಡಿ, ಒಳಗೆಲ್ಲ ಒಪ್ಪವಾಗಿದೆ, ಆದರೆ ಹಿಡಿ ಒರಿಜಿನಲ್ ಅಲ್ಲ, ಕಲೆಕ್ಟರ್‌ಗಳು ಇದನ್ನು ಮೂಸಿಯೂ ನೋಡುವುದಿಲ್ಲ ಎಂದನಂತೆ. ಕೇಳಿ ನಾನು ಜೋರಾಗಿ ನಕ್ಕೆ. ನಕ್ಕು ಮುಗಿದ ಮೇಲೆ ಏನೂ ಹಗುರವಾಗಲಿಲ್ಲ.

ಆಂಟಿ ಈಗ ಕ್ವೀನ್ಸ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊನ್ನೆ ಭಾನುವಾರ ನೋಡಲು ಹೋಗಿದ್ದೆ. ನನ್ನ ಗುರುತು ಸಿಕ್ಕಿತು, ಮಕ್ಕಳನ್ನು ಕೇಳಿದರು. ಮೊಸರನ್ನ ಮಾಡಿಕೊಂಡು ಹೋಗಿದ್ದೆ. ಈಗ ಗದರಿಸುವವರು ಯಾರೂ ಇಲ್ಲ, ಅರ್ಧ ಚೆಲ್ಲಿದರೂ ಚೆಲ್ಲಲಿ ಎಂದುಕೊಂಡು ತಟ್ಟೆಯನ್ನು ಅವರ ಮುಂದೆ ಸರಿಸಿ, "ಆಂಟಿ, ನಿಧಾನಕ್ಕೆ ನೀವೇ ತಿಂತೀರಾ?" ಎಂದೆ.

ಅವರು ತಟ್ಟೆಯನ್ನು ನೋಡಲಿಲ್ಲ. ಕೊರಳನ್ನು ಸ್ವಲ್ಪ ಮುಂದೆ ಚಾಚಿದರು, ಟವೆಲ್ ಕಟ್ಟಲು ಅನುಕೂಲವಾಗಲಿ ಎಂದು. ಆಮೇಲೆ ಕಣ್ಣು ಮುಚ್ಚಿ, ಬಾಯಿ ತೆರೆದು ಕಾಯುತ್ತಾ ಕೂತರು.