ಜೋಡಿ ಸಾರ್ ತೆಗೆದುಕೊಂಡ ರಜೆ

ಜೋಡಿ ಸಾರ್ ಅವರನ್ನು ನಾನು ಮೊದಲು ನೋಡಿದ ದಿನ ಅವರು ನನ್ನ ಕೈಯಿಂದ ಬಕೆಟ್ ಕಸಿದುಕೊಂಡರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಮಷೀನ್ ರೂಮಿಗೆ ಅವತ್ತು ನನ್ನನ್ನು ಹೊಸದಾಗಿ ಹಾಕಿದ್ದರು. ಅದಕ್ಕೆ ಮುಂಚೆ ಆರು ವರ್ಷ ಹೆರಿಗೆ ವಾರ್ಡು ಒರೆಸಿದವಳು ನಾನು. ನೆಲ ಎಂದರೆ ನೀರು ಹಾಕಿ ತೊಳೆಯುವುದು ಎಂದಷ್ಟೇ ಗೊತ್ತಿತ್ತು.

"ಅಮ್ಮಾ, ಇಲ್ಲಿಗೆ ನೀರು ತಂದ್ರೆ ನೀವೂ ಇರಲ್ಲ, ನಾನೂ ಇರಲ್ಲ."

"ಮತ್ತೆ ಒರೆಸೋದು ಹೇಗೆ ಸಾರ್?"

"ಒಣಬಟ್ಟೇಲಿ."

"ಕಲೆ ಹೋಗಲ್ವಲ್ಲ?"

"ಇರ್ಲಿ ಬಿಡಿ. ಕಲೆಯಿಂದ ಯಾರೂ ಸತ್ತಿಲ್ಲ."

ಬೀರುವಿನಿಂದ ಒಂದು ಬಟ್ಟೆ ತೆಗೆದುಕೊಟ್ಟರು. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು ಇನ್ನೊಂದು ಕೊಟ್ಟರು. ಇದು ಯಾಕೆ ಎಂದು ಕೇಳಿದೆ. "ಅದು ಹರಿದುಹೋದ್ರೆ ಇದು" ಎಂದರು.

ಹೆಸರಿಗೆ ತಕ್ಕ ಮನುಷ್ಯ. ಜೇಬಿನಲ್ಲಿ ಎರಡು ಪೆನ್ನು, ಎರಡು ಫೋನು, ಮೂಗಿನ ಮೇಲೆ ಒಂದು ಕನ್ನಡಕ, ಚೀಲದಲ್ಲಿ ಅಂಥದ್ದೇ ಇನ್ನೊಂದು. ಮೋಡವಿದ್ದ ದಿನ ಎರಡು ಕೊಡೆ ತರುತ್ತಿದ್ದರು. ಜೋಡಿ ಇಲ್ಲದ್ದು ಎಂದರೆ ಅವರೊಬ್ಬರೇ. ಐವತ್ತು ದಾಟಿದರೂ ಮದುವೆ ಆಗಿರಲಿಲ್ಲ. ಆ ರೂಮಿನ ಕೆಲಸ ಬಲ್ಲ ಎರಡನೆಯ ಆಳೂ ಆಸ್ಪತ್ರೆಯಲ್ಲಿ ಇರಲಿಲ್ಲ.

ರೂಮಿನ ನಡುವೆ ಆಳೆತ್ತರದ ಕಬ್ಬಿಣದ ಕಪಾಟು. ಅದರಲ್ಲಿ ಅಕ್ಕಪಕ್ಕ ಎರಡು ಕರಿ ಮಷೀನು, ಎಡದ್ದಕ್ಕೆ ಕೆಂಪು ಪಟ್ಟಿ, ಬಲದ್ದಕ್ಕೆ ಹಸಿರು ಪಟ್ಟಿ. ಅವೆರಡರ ಕೆಳಗೆ ಇಪ್ಪತ್ತನಾಲ್ಕು ಪುಟ್ಟ ಖಾನೆಗಳ ಒಂದು ಬೂದು ಪೆಟ್ಟಿಗೆ. ಇಡೀ ಆಸ್ಪತ್ರೆಯ ರೋಗಿಗಳ ವಿವರ ಇದ್ದದ್ದು ಆ ಪೆಟ್ಟಿಗೆಯಲ್ಲಿ. ಎಲ್ಲ ಸೇರಿ ಅದಕ್ಕೆ ಲಿನಕ್ಸ್ ಕ್ಲಸ್ಟರ್ ಎಂದು ಹೆಸರು. ನಾನು ಎರಡು ಸಲ ಹೇಳಿಸಿಕೊಂಡು ಕಲಿತೆ.

"ಕೆಂಪು ಬರೆಯುತ್ತೆ, ಹಸಿರು ಕಾಯುತ್ತೆ," ಎಂದು ಒಂದು ದಿನ ವಿವರಿಸಿದರು. "ಇದ್ದೀಯಾ ಅಂತ ಇದು ಕೇಳುತ್ತೆ, ಇದ್ದೀನಿ ಅಂತ ಅದು ಹೇಳುತ್ತೆ. ಸೆಕೆಂಡಿಗೊಂದ್ಸಲ. ಕೆಂಪು ಮಾತು ನಿಲ್ಲಿಸಿದ್ರೆ ಹಸಿರು ಅದರ ಕರೆಂಟು ಕಿತ್ತು, ಆಮೇಲೆ ಪೆಟ್ಟಿಗೆಗೆ ಕೈ ಹಾಕುತ್ತೆ."

"ಅಯ್ಯೋ, ಕರೆಂಟು ಯಾಕೆ ಕೀಳ್ಬೇಕು? ಹುಷಾರಿಲ್ದೆ ಸುಮ್ನಾಗಿರಬಹುದು, ಪಾಪ."

"ಅದೇ ಭಯ ಅಮ್ಮಾ. ಸತ್ತಿದ್ರೆ ಚಿಂತೆ ಇಲ್ಲ. ಬದುಕಿದ್ದು ಸುಮ್ನಿದ್ರೆ ಕಷ್ಟ. ಇದೂ ಬರೆಯುತ್ತೆ, ಅದೂ ಬರೆಯುತ್ತೆ, ಒಂದೇ ಸಾಲಿನ ಮೇಲೆ. ಒಬ್ಬಳ ರಕ್ತದ ಗುಂಪು ಇನ್ನೊಬ್ಬಳ ಹೆಸರಿಗೆ ಹೋಗುತ್ತೆ."

ಹೆರಿಗೆ ವಾರ್ಡು ನೋಡಿದವಳಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

ಪೆಟ್ಟಿಗೆಯೊಳಗೆ ಒಂದೊಂದು ವಿಭಾಗಕ್ಕೆ ಒಂದೊಂದು ಪಾಲು. ಪಾಲು ಹಿಗ್ಗಿಸುವುದು, ತುಂಬಿದೆಯೇ ಎಂದು ನೋಡುವುದು, ಒಂದು ಮಷೀನಿನಿಂದ ಇನ್ನೊಂದರ ಕೈಗೆ ದಾಟಿಸುವುದು ಸಾರ್ ಅವರ ಕೆಲಸ. ಎಕ್ಸ್‌ರೇ ಡಾಕ್ಟರು ಬಂದು, "ಲ್ಯಾಬಿನವರಿಗೆ ಅಷ್ಟು ಜಾಗ, ನಮಗೆ ಇಷ್ಟೇನಾ?" ಎನ್ನುವರು. ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಲ್ಯಾಬಿನವರು ಇಳಿದು ಬರುವರು. ಅಪ್ಪನ ಮನೆ ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರ ಹಾಗೆ. ಸಾರ್ ಇಬ್ಬರಿಗೂ ಆಯ್ತು ಎಂದು, ಯಾರಿಗೆ ನಿಜವಾಗಿ ಬೇಕೋ ಅವರಿಗೆ ಹಿಗ್ಗಿಸುತ್ತಿದ್ದರು.

ನೆಲಮಾಳಿಗೆಯಲ್ಲಿ ಮೊಬೈಲು ಸಿಗುತ್ತಿರಲಿಲ್ಲ. ಗೋಡೆಯ ಫೋನಿಗೆ ವಾರಕ್ಕೊಮ್ಮೆ ಅವರ ಅಕ್ಕ ಮಾಡುತ್ತಿದ್ದಳು. ತಾಯಿ ಇಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ. ಸಾರ್ ಕೆಲಸದಲ್ಲಿದ್ದರೆ ನಾನೇ ಎತ್ತುತ್ತಿದ್ದೆ.

"ಏನ್ರೀ, ನಿಮ್ಮ ಸಾರು ಮಷೀನಿಗೆಲ್ಲ ಜೊತೆ ಮಾಡಿಟ್ಟಿದ್ದಾನಂತೆ. ಅವನಿಗೊಂದು ನೋಡಿಕೊಳ್ಳೋಕೆ ಏನು ದಾಡಿ?"

"ನೀವೇ ಕೇಳಿ ಅಕ್ಕಾ."

"ಕೇಳಿದ್ರೆ ರಜೆ ಇಲ್ಲ ಅಂತಾನೆ. ಮದುವೆಗೆ ರಜೆ ಇಲ್ಲ ಅಂದ, ಒಪ್ಪಿದೆ. ಈಗ ನನ್ನ ಎದೆ ಕೊಯ್ಯೋಕೂ ರಜೆ ಇಲ್ಲ ಅಂತಾನೆ."

ಅದು ತಮಾಷೆಯಲ್ಲ. ಅವಳ ಹೃದಯದ ಆಪರೇಷನ್ನು ಎರಡು ಸಲ ಮುಂದೆ ಹೋಗಿತ್ತು. ತಮ್ಮ ಬಾಗಿಲ ಹೊರಗೆ ಕೂತಿದ್ದರೆ ಮಾತ್ರ ಮಲಗುತ್ತೇನೆ ಎಂದು ಹಠ. ಮೂರನೆಯ ಸಲ ಮುಂದೂಡಿದರೆ ಆಮೇಲೆ ಮಾಡಿ ಪ್ರಯೋಜನವಿಲ್ಲ ಎಂದು ಅವಳ ಡಾಕ್ಟರು ಹೇಳಿದ್ದರು. ಸಾರ್ ಹನ್ನೊಂದು ದಿನದ ರಜೆಗೆ ಬರೆದುಕೊಟ್ಟರು. ಮ್ಯಾನೇಜರು ಅದರ ಮೇಲೆ, "ಬದಲಿ ವ್ಯಕ್ತಿಯನ್ನು ತೋರಿಸಿ" ಎಂದು ಬರೆದು ಕಳಿಸಿದರು. ಬದಲಿ ವ್ಯಕ್ತಿ ಬೇಕು ಎಂದು ಸಾರ್ ವರ್ಷಕ್ಕೊಂದರಂತೆ ಬರೆದಿದ್ದ ಹದಿನಾಲ್ಕು ಅರ್ಜಿಗಳು ಅದೇ ಮ್ಯಾನೇಜರ ಮೇಜಿನಲ್ಲಿದ್ದವು.

ಕೊನೆಗೆ ಕಾಗದದ ಮೇಲೆ ವೈರಿನವರ ಹೆಸರು ಹಾಕಿದರು. ಆಸ್ಪತ್ರೆಯ ವೈರುಗಳನ್ನೆಲ್ಲ ನೋಡಿಕೊಳ್ಳುವ ಆತ ಒಳ್ಳೆಯವರು, ಆದರೆ ಏನು ಹೇಳಿಕೊಟ್ಟರೂ ಅರ್ಧಕ್ಕೇ "ಗೊತ್ತು ಗೊತ್ತು" ಎನ್ನುವರು. ಸಾರ್ ಎರಡು ದಿನ ಅವರಿಗೆ ಕಲಿಸಿದರು. ಮೂರನೆಯ ದಿನ ನನ್ನನ್ನು ಕರೆದರು.

"ಅಮ್ಮಾ, ಪರದೆ ನೋಡೋಕೆ ಅವರಿದ್ದಾರೆ. ಮಷೀನು ನೋಡೋಕೆ ನೀವಿರಿ."

"ನಾನಾ? ನಾನು ಓದೋದು ಒಂದೊಂದೇ ಅಕ್ಷರ ಕೂಡಿಸಿ ಸಾರ್."

"ಅದಕ್ಕೇ. ಬರೆದಿರೋದನ್ನ ಪೂರ್ತಿ ಓದೋರು ಈ ಕಟ್ಟಡದಲ್ಲಿ ನೀವೊಬ್ಬರೇ."

ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ಮಾತು ನಿಂತ ಮಾತ್ರಕ್ಕೆ ಸತ್ತಿದೆ ಎಂದುಕೊಳ್ಳಬೇಡಿ. ಹಿಂದೆ ಕೈ ಇಟ್ಟು ನೋಡಿ. ಕರೆಂಟಿನ ಎರಡೂ ವೈರು ಕೀಳಿ. ಆಮೇಲೆ ಹೂಂ ಎನ್ನಿ. ನಾನು ಹೂಂ ಎನ್ನುವ ತನಕ ಪರದೆಯಲ್ಲಿ ಏನನ್ನೂ ಒತ್ತುವುದಿಲ್ಲ ಎಂದು ವೈರಿನವರಿಂದ ಮಾತು ತೆಗೆದುಕೊಂಡರು. ಅವರು ಗೊತ್ತು ಗೊತ್ತು ಎಂದರು.

ಆರನೆಯ ದಿನ, ಬೆಳಿಗ್ಗೆ ಹತ್ತು ಗಂಟೆ. ಅಕ್ಕನ ಆಪರೇಷನ್ನೂ ಅದೇ ಹೊತ್ತಿಗೆ. ಸಾರ್ ಬಾಗಿಲ ಹೊರಗೆ ಎರಡು ಫೋನನ್ನೂ ಆರಿಸಿ ಕೂತಿದ್ದರು. ಇಲ್ಲಿ ಮೇಲೆ ಚೀಟಿ ಮಾಡಿಸುವವರ ಸಾಲು ಬಾಗಿಲು ದಾಟಿತ್ತು. ಎಲ್ಲ ಪರದೆಗಳೂ ಒಟ್ಟಿಗೆ ನಿಂತವು.

ನಡೆದದ್ದು ಇಷ್ಟು. ಕೆಂಪು, ಹಸಿರು ಮಾತಾಡಲು ಸಾರ್ ಎರಡು ವೈರು ಬೇರೆ ಬೇರೆ ದಾರಿಯಲ್ಲಿ ಎಳೆದಿದ್ದರು, ಒಂದು ಹೋದರೆ ಇನ್ನೊಂದು ಇರಲಿ ಎಂದು. ಅವರಿಲ್ಲದಾಗ ರೂಮು ಚೆಂದ ಕಾಣಲಿ ಎಂದು ವೈರಿನವರು ಅವತ್ತು ಬೆಳಿಗ್ಗೆ ಅವೆರಡನ್ನೂ ಸೇರಿಸಿ ಒಂದೇ ಕಟ್ಟು ಮಾಡಿ, ಬಿಗಿದು, ಕಪಾಟಿನ ಬಾಗಿಲು ಹಾಕಿದ್ದರು. ಬಾಗಿಲಿಗೆ ಸಿಕ್ಕು ಎರಡೂ ಒಟ್ಟಿಗೆ ಹೋದವು. ಕರೆಂಟು ಕೀಳುವ ಅಪ್ಪಣೆ ಹೋಗುತ್ತಿದ್ದದ್ದೂ, ಕೆಂಪಿನಿಂದ ಮೇಲಿನ ಪರದೆಗಳಿಗೆ ವಿವರ ಹೋಗುತ್ತಿದ್ದದ್ದೂ ಅದೇ ದಾರಿಯಲ್ಲಿ. ಹಸಿರು ಏನೂ ಮಾಡಲಾಗದೆ ಪರದೆಯಲ್ಲಿ ಕೇಳುತ್ತ ನಿಂತಿತು: ಕೆಂಪು ಖಂಡಿತವಾಗಿ ಆರಿದೆಯೇ?

ಮ್ಯಾನೇಜರು ಮೊದಲ ಸಲ ನೆಲಮಾಳಿಗೆಗೆ ಇಳಿದು ಬಂದರು.

"ಹೌದು ಅಂತ ಒತ್ತಯ್ಯಾ! ಮಾತೇ ಆಡ್ತಿಲ್ಲ ಅಂದ್ಮೇಲೆ ಸತ್ತಿದೆ ಅಂತಾನೇ ಅಲ್ವಾ?"

ವೈರಿನವರು ನನ್ನ ಕಡೆ ನೋಡಿದರು. ನಾನು ಹಿಂದೆ ಹೋಗಿ ಅಂಗೈ ಇಟ್ಟೆ. ಬಿಸಿಗಾಳಿ ಬರುತ್ತಿತ್ತು.

"ಉಸಿರಾಡ್ತಿದೆ ಸಾರ್."

"ಯಾರೀಕೆ?"

"ನೆಲ ಒರೆಸೋರು ಸಾರ್," ಎಂದರು ವೈರಿನವರು.

"ಅವರನ್ನ ಕೇಳ್ಕೊಂಡು ಆಸ್ಪತ್ರೆ ನಡೆಸ್ಬೇಕಾ?"

ನಾನು ಒಂದು ವೈರು ಕಿತ್ತೆ. ಕೈ ಇಟ್ಟೆ. ಬಿಸಿ ಹಾಗೇ ಇತ್ತು.

"ಕಿತ್ತಾಯ್ತಲ್ಲ! ಒತ್ತಯ್ಯಾ!"

"ಅದಕ್ಕೆ ಎರಡಿವೆ. ಇನ್ನೊಂದು ಈ ಕಟ್ಟಿನೊಳಗೆ ಸೇರಿಕೊಂಡಿದೆ," ಎಂದು ನಾನು ಮಷೀನಿನ ಬೆನ್ನಿಂದ ಬೆರಳಲ್ಲಿ ಒಂದೊಂದೇ ಗೇಣು ಹಿಡಿದು ಹೋದೆ.

"ಬೇಗಮ್ಮಾ!"

"ಬೇಗ ಕಿತ್ರೆ ಹಸಿರಿಂದು ಕಿತ್ತುಬಿಡ್ತೀನಿ ಸಾರ್. ಪರವಾಗಿಲ್ವಾ?"

ವೈರಿನ ತುದಿ ಸಿಕ್ಕಿತು. ಕಿತ್ತೆ. ಒಳಗೆ ಸುತ್ತುತ್ತಿದ್ದ ಫ್ಯಾನು ನಿಧಾನವಾಗಿ, ನಿಂತಿತು. ಮತ್ತೊಮ್ಮೆ ಅಂಗೈ ಇಟ್ಟು, ಗಾಳಿಯಿಲ್ಲ ಎಂದು ಗೊತ್ತಾದ ಮೇಲೆ ಹೂಂ ಎಂದೆ. ವೈರಿನವರು ಒತ್ತಿದರು. ನಾಲ್ಕು ನಿಮಿಷಕ್ಕೆ ಮೇಲಿನ ಪರದೆಗಳೆಲ್ಲ ಬಂದವು.

"ವೈರು ಹುಡುಕೋದ್ರಲ್ಲೇ ಒಂಬತ್ತು ನಿಮಿಷ ಸುಮ್ನೆ ಹಾಳು," ಎಂದು ಮ್ಯಾನೇಜರು ಮೆಟ್ಟಿಲು ಹತ್ತಿದರು. ಆ ಒಂಬತ್ತು ನಿಮಿಷದಲ್ಲಿ, ಮೊದಲೇ ತನ್ನ ಕೈಗೆ ಸೇರಿದ್ದ ನಲವತ್ತಮೂರು ರಕ್ತಪರೀಕ್ಷೆಗಳನ್ನು ಕೆಂಪು ಮಷೀನು ಬರೆಯುತ್ತಲೇ ಇತ್ತು ಎಂದು ಆಮೇಲೆ ವೈರಿನವರು ಪರದೆಯಲ್ಲಿ ನೋಡಿ ಹೇಳಿದರು. ಮೊದಲೇ ಒತ್ತಿದ್ದರೆ ಹಸಿರೂ ಅದೇ ಸಾಲುಗಳ ಮೇಲೆ ಬರೆಯುತ್ತಿತ್ತು.

ಮರುದಿನ ಊಟದ ಹೊತ್ತಿಗೆ ಸಾರ್ ಫೋನು ಬಂತು.

"ಅಕ್ಕ ಕಣ್ಣು ಬಿಟ್ಟಳು ಅಮ್ಮಾ. ಬೈದಳು ಕೂಡ. ಅಲ್ಲಿ ಹೇಗಿದೆ?"

"ಕೆಂಪನ್ನ ಮಲಗಿಸಿದ್ದೀವಿ ಸಾರ್. ಹಸಿರು ನೋಡ್ಕೋತಿದೆ."

"ಎರಡೂ ವೈರು?"

"ಎರಡೂ."

ಮ್ಯಾನೇಜರು ಮೇಲಿನವರಿಗೆ ವರದಿ ಬರೆದರು. ತೊಂದರೆ ಬಂದರೂ ವ್ಯವಸ್ಥೆ ತನ್ನಷ್ಟಕ್ಕೆ ಸರಿಪಡಿಸಿಕೊಂಡಿತು ಎಂದು ಅದರಲ್ಲಿತ್ತು. ಮೇಲಿನವರು ಮೆಚ್ಚಿ ಅವರಿಗೊಂದು ಫಲಕ ಕೊಟ್ಟರು. ಒಂದು ತಿಂಗಳಿಗೆ ಸಾರ್ ಅವರಿಗೆ ಪತ್ರ ಬಂತು. ಹನ್ನೊಂದು ದಿನ ಆ ಜಾಗದಲ್ಲಿ ಯಾರೂ ಇಲ್ಲದಿದ್ದರೂ ಸೇವೆಗೆ ಧಕ್ಕೆಯಾಗದ ಕಾರಣ ಆ ಹುದ್ದೆ ಅನಗತ್ಯವೆಂದು ಕಂಡುಬಂದಿದೆ. ಇನ್ನು ಮುಂದೆ ಬೇರೆ ಊರಿನ ಒಂದು ಕಂಪನಿ ದೂರದಿಂದಲೇ ನೋಡಿಕೊಳ್ಳುತ್ತದೆ.

"ನಾನು ಹೋಗಿ ಮೇಲಿನವರಿಗೆ ನಡೆದದ್ದು ಹೇಳ್ತೀನಿ," ಎಂದೆ.

"ಏನಂತ ಹೇಳ್ತೀರಿ? ಒರೆಸೋರು ಬಂದು ಕರೆಂಟು ಕಿತ್ರು ಅಂತಾನಾ? ನಿಮ್ಮನ್ನ ಮೊದಲು ಕಳಿಸ್ತಾರೆ. ವೈರಿನವರನ್ನ ಆಮೇಲೆ."

ಪತ್ರ ಮಡಿಸುತ್ತ ನಕ್ಕರು. "ಹದಿನಾಲ್ಕು ವರ್ಷ ನಾನು ಮಾಡಿದ್ದು ಇಷ್ಟೇ ಅಮ್ಮಾ. ಒಂದು ಇಲ್ದಿದ್ರೂ ಯಾರಿಗೂ ಗೊತ್ತಾಗಬಾರದು ಅಂತ. ನೋಡಿ, ಗೊತ್ತಾಗ್ಲಿಲ್ಲ."

ಕೊನೆಯ ದಿನ ಕೂಡ ಎಕ್ಸ್‌ರೇ ವಿಭಾಗದ ಪಾಲು ಹಿಗ್ಗಿಸಿಯೇ ಎದ್ದರು. ಡಾಕ್ಟರು ಇಳಿದು ಬಂದು ಥ್ಯಾಂಕ್ಸ್ ಹೇಳಲಿಲ್ಲ. ಇನ್ನಷ್ಟು ಬೇಕಿತ್ತು ಎಂದು ಫೋನಿನಲ್ಲಿ ಹೇಳಿದರು. ಅಕ್ಕನ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾಗಿತ್ತು. ನಾನು ಬಸ್ ನಿಲ್ದಾಣದವರೆಗೆ ಅವರ ಒಂದು ಚೀಲ ಹಿಡಿದುಕೊಂಡು ಹೋದೆ. ಕಲ್ಲು ಬೆಂಚಿನ ಮೇಲೆ ಕೂತರು. ಬೆಳಗ್ಗೆದ್ದು ಅಕ್ಕನಿಗೆ ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಸಂಜೆ ಎಷ್ಟು ದೂರ ನಡೆಸಬೇಕು ಎಲ್ಲ ನನಗೆ ಪಾಠದ ಹಾಗೆ ಒಪ್ಪಿಸಿದರು. ಬಸ್ಸು ತಿರುವಿನಲ್ಲಿ ಕಂಡಾಗ ಎದ್ದು ನಿಂತು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸಿ ಕೇಳಿದರು:

"ಅಮ್ಮಾ, ಒಂದು ಕೇಳ್ಲಾ? ಮನೇಲಿರೋ ಜನ ಮಧ್ಯಾಹ್ನ ಊಟ ಆದ್ಮೇಲೆ, ಸಂಜೆ ಆಗೋವರೆಗೂ, ಏನ್ ಮಾಡ್ತಾರೆ?"