ತಲೆ ಎಣಿಸದೆ ಬಡಿಸುವ ಶೀನಣ್ಣ

ಚೆನ್ನೈನ ಮೈಲಾಪೂರಿನ ರಥಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಹೂವಿನ ಬುಟ್ಟಿಗಳು ಆಗಷ್ಟೇ ಆಟೋದಿಂದ ಇಳಿಯುತ್ತಿವೆ. ಬೀದಿಯ ತಿರುವಿನಲ್ಲಿರುವ ಸಸ್ಯಾಹಾರಿ ಹೋಟೆಲಿನ ಹಿಂಬಾಗಿಲಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಶೀನಣ್ಣ ಇಡ್ಲಿ ತಟ್ಟೆಗಳಿಗೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹೊಯ್ಯುತ್ತಿದ್ದಾರೆ. ಸೌಟು ಒಮ್ಮೆಯೂ ತಟ್ಟೆಗೆ ತಾಗಿ ಸದ್ದಾಗುವುದಿಲ್ಲ. ಹಬೆಪೆಟ್ಟಿಗೆಯ ಮುಚ್ಚಳವನ್ನು ಅವರು ಎರಡೂ ಕೈಯಲ್ಲಿ ಹಿಡಿದು, ಮಲಗಿದ ಮಗುವಿಗೆ ಹೊದಿಕೆ ಹೊದಿಸುವಷ್ಟು ಮೆಲ್ಲಗೆ ಇಳಿಸುತ್ತಾರೆ. ಮೊದಲ ಗಿರಾಕಿ ಬರುವ ಹೊತ್ತಿಗೆ ಐನೂರರಷ್ಟು ಇಡ್ಲಿ ಬೆಂದಿರಬೇಕು. ಬೆಂದಿರುತ್ತವೆ.

ಐವತ್ತು ದಾಟಿದ ಈ ಮನುಷ್ಯ ಕಾರ್ಗಿಲ್ ಯುದ್ಧದಲ್ಲಿದ್ದವರು ಎಂಬುದು ಇಲ್ಲಿ ತಿಂಡಿ ತಿನ್ನುವ ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕೆಂಬ ಆಸೆ ಅವರಿಗೂ ಇಲ್ಲ. "ನಾನು ಬಂದೂಕು ಹಿಡಿದು ಮೇಲೆ ಹೋದವನಲ್ಲ. ಕೆಳಗೆ ಅಡುಗೆ ಮಾಡಿಕೊಂಡಿದ್ದೆ, ಅಷ್ಟೇ" ಎನ್ನುತ್ತಾರೆ.

ಶೀನಣ್ಣ ಉಡುಪಿ ಕಡೆಯ ಕಟಪಾಡಿಯವರು. ಹತ್ತೊಂಬತ್ತಕ್ಕೆ ಸೇನೆಗೆ ಸೇರಿ, ಅಡುಗೆಯವರಾಗಿ ತರಬೇತಿ ಪಡೆದರು. ಅವರ ತುಕಡಿಯಲ್ಲಿ ತಮಿಳು ಹುಡುಗರೇ ಹೆಚ್ಚು. ಅವರಲ್ಲೊಬ್ಬ ವೇಲೂರು ಕಡೆಯ ರಘು, ಮದುವೆಯಾಗಿ ವರ್ಷ ತುಂಬದವನು. ಬಿಡುವು ಸಿಕ್ಕರೆ ಅಡುಗೆ ಡೇರೆಗೆ ಬಂದು ಒಲೆಯ ಪಕ್ಕ ಕೂರುತ್ತಿದ್ದ.

ಆ ಜೂನ್ ತಿಂಗಳ ಒಂದು ಸಂಜೆ ಹುಡುಗರು ಬೆಟ್ಟ ಹತ್ತಿದರು. ಕೆಳಗಿನ ಶಿಬಿರದಲ್ಲಿ ಶೀನಣ್ಣ ಎಲ್ಲರಿಗೂ ಆಗುವಷ್ಟು ಅನ್ನ ಸಾರು ಮಾಡಿ ಬಿಸಿ ಆರದಂತೆ ಇಟ್ಟುಕೊಂಡು ಕಾದರು. ಮರುದಿನ ಕೆಲವರು ಇಳಿದು ಬಂದರು, ಕೆಲವರನ್ನು ಹೊತ್ತು ತಂದರು. ಎಂಟು ಮಂದಿಯ ಪಾಲು ಪಾತ್ರೆಯಲ್ಲೇ ಉಳಿಯಿತು. ಆ ಎಂಟರಲ್ಲಿ ರಘುವೂ ಒಬ್ಬ.

"ಮಾರನೇ ಬೆಳಿಗ್ಗೆ ಸ್ಟೋರಿನವರು ಎಂಟು ಜನರ ಅಕ್ಕಿ ಕಮ್ಮಿ ಅಳೆದು ಕೊಟ್ರು. ಅವರದ್ದೇನೂ ತಪ್ಪಿಲ್ಲ, ಲೆಕ್ಕ ಹಾಗೇ ಇರುದು. ನಾನು ಅಕ್ಕಿ ತೊಳೆದೆ. ಬೇರೆ ಎಂತ ಮಾಡ್ಲಿಕ್ಕುಂಟು?" ಎನ್ನುತ್ತಾರೆ ಶೀನಣ್ಣ.

ಆಮೇಲೂ ಸೇವೆ ಮುಗಿಯುವವರೆಗೆ ಅವರು ಅಡುಗೆ ಮಾಡಿದರು. ಒಳಗೆ ಏನಾಗಿದೆಯೆಂದು ತಿಳಿದದ್ದು ಮನೆಗೆ ಬಂದ ಮೇಲೆ. ನೆಂಟರು ಬರುವ ದಿನ ಹೆಂಡತಿ ಜಲಜಾಕ್ಷಿ ಎಷ್ಟು ಜನಕ್ಕೆ ಅಕ್ಕಿ ಹಾಕಲಿ ಎಂದು ಕೇಳಿದರೆ, ಕೇಳಿಸದವರಂತೆ ಎದ್ದು ಹೊರಗೆ ಹೋಗುತ್ತಿದ್ದರು. ಕುಕ್ಕರ್ ಕೂಗಿದರೆ ಬೆವರುತ್ತಿದ್ದರು. ಮನೆಯವರೆಲ್ಲ ಒಳಗೆ ಸೇರುವ ತನಕ ತಟ್ಟೆಯ ಮುಂದೆ ಕೂರುತ್ತಿರಲಿಲ್ಲ. ಮಗಳು ನಿಖಿತಾ ಶಾಲೆಯಿಂದ ಬರುವುದು ತುಸು ತಡವಾದರೆ ಬಸ್ ನಿಲ್ದಾಣದಲ್ಲಿ ಹೋಗಿ ನಿಲ್ಲುತ್ತಿದ್ದರು. ತಂದೆಯನ್ನು ಕಂಡು ಗೆಳತಿಯರು ನಗುತ್ತಾರೆಂದು ಅವಳು ಅಳುತ್ತಿದ್ದಳು.

"ನನ್ನ ಮೇಲೆ ಕೋಪ ಅಂತ ಎಣಿಸಿದ್ದೆ. ಎಷ್ಟೋ ವರ್ಷ ಹಾಗೇ ಎಣಿಸಿದ್ದೆ" ಎನ್ನುತ್ತಾರೆ ಜಲಜಾಕ್ಷಿ. ಊರಿನವರು ತಲೆಗೊಂದು ಮಾತಾಡಿದರು. ಜಲಜಾಕ್ಷಿ ಅದಕ್ಕೆ ಕಿವಿಗೊಡದೆ ರವಿಕೆ ಹೊಲಿದು ಮನೆ ನಡೆಸಿದರು.

ಮೈಲಾಪೂರಿನಲ್ಲಿ ಹೋಟೆಲ್ ನಡೆಸುತ್ತಿದ್ದ ಊರಿನ ಕಮಲಾಕರ ರಾಯರು ಕೆಲಸ ಕೊಡುತ್ತೇನೆಂದಾಗ ಶೀನಣ್ಣ ಸಂಸಾರ ಸಮೇತ ಚೆನ್ನೈಗೆ ಬಂದರು. ಒಲೆಯ ಹತ್ತಿರ ಹೋಗಲಾರೆ ಎಂದು ಶೀನಣ್ಣ ಮೊದಲೇ ಹೇಳಿದ್ದರು. ರಾಯರು ಕಾರಣ ಕೇಳದೆ ತರಕಾರಿ ಹೆಚ್ಚಲು ಕೂರಿಸಿದರು. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋದವರು ಜಲಜಾಕ್ಷಿ. ಮಾತ್ರೆ ಕೆಲಸ ಮಾಡಿತು. ವೈದ್ಯರ ಎದುರು ಕೂತು ಆ ಎಂಟು ಹೆಸರುಗಳನ್ನು ಬಾಯಿಬಿಟ್ಟು ಹೇಳಿದ್ದು ಅದಕ್ಕಿಂತ ಹೆಚ್ಚು ಕೆಲಸ ಮಾಡಿತು. ಒಂದು ದಿನ ಇಡ್ಲಿಯ ಮಾಸ್ಟರ್ ಬಾರದಿದ್ದಾಗ ಯಾರೂ ಹೇಳದೆಯೇ ಶೀನಣ್ಣ ಎದ್ದು ಹಿಟ್ಟಿಗೆ ಕೈ ಹಾಕಿದರು.

"ಹೊಟೇಲಲ್ಲಿ ಎಷ್ಟು ಜನ ಅಂತ ಯಾರೂ ಕೇಳುದಿಲ್ಲ. ಬಂದವರಿಗೆ ಹಾಕುದು, ಮುಗಿದ್ರೆ ಮತ್ತೆ ಮಾಡುದು. ಅದು ನಂಗೆ ಒಳ್ಳೆದಾಯ್ತು."

ಹೀಗಿರುವಾಗ ನುಂಗಂಬಾಕ್ಕಂನ ಕಚೇರಿಯೊಂದರಲ್ಲಿ ಕಾವಲು ಕೆಲಸ ಮಾಡುವ ತಿರುಮಲೇಶ ಎಂಬವರು ಕಾಫಿ ಕುಡಿಯಲು ಬಂದವರು ಅಡುಗೆಮನೆಯ ಬಾಗಿಲಲ್ಲಿ ಶೀನಣ್ಣನ ಗುರುತು ಹಿಡಿದರು. ಅದೇ ತುಕಡಿಯಲ್ಲಿದ್ದವರು. ಅವರ ಬಾಯಿಂದ ಸುದ್ದಿ ರಘುವಿನ ಹೆಂಡತಿ ಸುಮತಿಗೆ ಮುಟ್ಟಿತು. ಶೀನಣ್ಣನನ್ನು ನೋಡಬೇಕೆಂದು ಅವರು ಹೇಳಿಕಳಿಸಿದಾಗ ಶೀನಣ್ಣ ಒಪ್ಪಲಿಲ್ಲ. ಬರುವುದು ಬೇಡ ಎಂದರು. ಏನು ಮುಖ ಇಟ್ಟುಕೊಂಡು ಎದುರು ನಿಲ್ಲಲಿ ಎಂದು ಜಲಜಾಕ್ಷಿಯ ಬಳಿ ತೋಡಿಕೊಂಡರು. ಆರು ವರ್ಷದ ಹಿಂದಿನ ಮಾತದು. ಸುಮತಿ ಹೇಳದೆ ಕೇಳದೆ ಬಂದೇ ಬಿಟ್ಟರು. ತಿಂಡಿಯ ಗದ್ದಲ ಇಳಿದ ಹೊತ್ತು. ಹೋಟೆಲಿನ ಹಿಂದಿನ ಕಟ್ಟೆಯ ಮೇಲೆ ಕೂತು ತಮಿಳಿನಲ್ಲಿ ಅವರು ಕೇಳಿದ್ದು ಒಂದೇ ಮಾತು. "ಅಣ್ಣಾ, ಅವರು ಮೇಲೆ ಹೋಗುವ ಮುಂಚೆ ಊಟ ಮಾಡಿದ್ರಾ?"

ಕೊನೆಯ ರಜೆ ಮುಗಿಸಿ ಹೊರಡುವ ದಿನ ತವರಿನ ಸಮಾರಂಭಕ್ಕೆ ಹೋಗುವ ವಿಷಯಕ್ಕೆ ಗಂಡಹೆಂಡತಿಗೆ ಸಣ್ಣ ಜಗಳವಾಗಿತ್ತು. ರಘುವಿಗೆ ಇಷ್ಟವೆಂದು ಸುಮತಿ ಪೂಂಡು ಕೊಳಂಬು ಮಾಡಿದ್ದರು, ಬೆಳ್ಳುಳ್ಳಿ ಹಾಕಿ ಕುದಿಸುವ ಹುಣಸೆಯ ಸಾರು. ಅವನು ಮುಟ್ಟದೆ ಚೀಲ ಹೆಗಲಿಗೆ ಹಾಕಿಕೊಂಡು ನಡೆದಿದ್ದ. ಹಸಿದು ಹೋದ ಗಂಡ ಹಸಿದೇ ಸತ್ತನೇನೋ ಎಂಬ ಯೋಚನೆ ಇಪ್ಪತ್ತು ವರ್ಷದಿಂದ ಅವರನ್ನು ತಿನ್ನುತ್ತಿತ್ತು.

ಶೀನಣ್ಣನಿಗೆ ಸುಳ್ಳು ಹೇಳಿ ಸಮಾಧಾನ ಮಾಡುವ ಅಗತ್ಯ ಬೀಳಲಿಲ್ಲ. ಬೆಟ್ಟ ಹತ್ತುವ ಹಿಂದಿನ ದಿನ ರಘು ಡೇರೆಗೆ ಬಂದು, ತನ್ನ ಹೆಂಡತಿ ಮಾಡುವ ಪೂಂಡು ಕೊಳಂಬನ್ನೇ ಮಾಡಬೇಕೆಂದು ಹಟ ಹಿಡಿದಿದ್ದ. ಬೆಳ್ಳುಳ್ಳಿ ತಾನೇ ಸುಲಿದ. ಎಣ್ಣೆ ಮೇಲೆ ತೇಲುವ ತನಕ ಇಳಿಸಬಾರದು, ಕೊನೆಗೆ ಚೂರು ಬೆಲ್ಲ ಹಾಕಬೇಕು, ಸುಮತಿ ಹಾಗೇ ಮಾಡುವುದು ಎಂದು ಪಕ್ಕದಲ್ಲೇ ನಿಂತು ಹೇಳಿಕೊಟ್ಟ. ಇಡೀ ತುಕಡಿ ಅದನ್ನು ಉಂಡಿತು. ರಘು ಪಾತ್ರೆಯ ತಳಕ್ಕೆ ಅನ್ನ ಹಾಕಿ ಬಳಿದು ತಿಂದ. ಜಗಳವಾಡಿ ಬಂದದ್ದು ತಪ್ಪಾಯಿತು, ಮುಂದಿನ ರಜೆಯಲ್ಲಿ ಎರಡು ಪಾಲು ಉಣ್ಣುತ್ತೇನೆ ಎಂದೂ ಹೇಳಿದ್ದ.

ಸುಮತಿ ಅತ್ತರು. ಆಮೇಲೆ ಬೆಲ್ಲ ಎಷ್ಟು ಹಾಕಿದಿರಿ ಎಂದು ಕೇಳಿದರು. ಶೀನಣ್ಣ ಹೇಳಿದ ಅಳತೆಗೆ ಅವರಿಗೆ ಕಣ್ಣೀರಿನ ನಡುವೆಯೇ ನಗು ಬಂತು. ಅಷ್ಟೊಂದು ಹಾಕಿದರೆ ಅದು ಪಾಯಸವಾಗುತ್ತದೆ ಎಂದರು. ಜಲಜಾಕ್ಷಿ ಅವರನ್ನು ಮನೆಗೆ ಕರೆದೊಯ್ದರು. ಆ ದಿನ ಮೂವರೂ ಸೇರಿ ಆ ಸಾರು ಮಾಡಿ ಉಂಡರು.

ಈಗ ತಿಂಗಳಿಗೊಂದು ಭಾನುವಾರ ಶೀನಣ್ಣನಿಗೆ ಹೋಟೆಲಿನಿಂದ ರಜೆ. ಅವರು ಬಾಡಿಗೆಗಿರುವ ಹಳೆಯ ಫ್ಲ್ಯಾಟಿನ ಕೆಳಗೆ, ಗಾಡಿ ನಿಲ್ಲಿಸುವ ಜಾಗದಲ್ಲಿ ಬಾಳೆಲೆ ಬೀಳುತ್ತದೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ಗಡಿಯಿಂದ ಬಂದು ಮಾತು ಬಿಟ್ಟವರು, ಗಂಡ ಇನ್ನೂ ಗಡಿಯಲ್ಲಿರುವ ಹೆಂಗಸರು ಬರುತ್ತಾರೆ. ಮೂವತ್ತೋ ನಲವತ್ತೋ, ಕೇಳಿದರೆ ಶೀನಣ್ಣ ಹೇಳುವುದಿಲ್ಲ. ಅಕ್ಕಿ ಬೇಳೆ ರಾಯರ ಕಡೆಯಿಂದ ಬರುತ್ತದೆ. ಸುಮತಿ ವೇಲೂರಿನಿಂದ ಬೆಳಗಿನ ರೈಲಿಗೆ ಬಂದು ಬೆಳ್ಳುಳ್ಳಿ ಸುಲಿಯುತ್ತಾರೆ.

ಇಲ್ಲಿ ಭಾಷಣವಿಲ್ಲ. ಗೋಡೆಗೆ ಬೆನ್ನು ಕೊಟ್ಟೇ ಕೂರುವ ಒಬ್ಬರಿದ್ದಾರೆ. ಶೀನಣ್ಣ ಅವರಿಗೆ ಯಾವಾಗಲೂ ಎದುರಿನಿಂದಲೇ ಬಂದು ಬಡಿಸುತ್ತಾರೆ. ಮೊದಮೊದಲು ಉಂಡು ಎದ್ದು ಹೋಗುತ್ತಿದ್ದ ಅವರು ಈಗ ನೀರಿನ ಜಗ್ಗು ಹಿಡಿದು ಸಾಲಿನಲ್ಲಿ ಓಡಾಡುತ್ತಾರೆ. ಜಲಜಾಕ್ಷಿ ತರಕಾರಿ ಹೆಚ್ಚುತ್ತಾ ಹೆಂಗಸರ ನಡುವೆ ಕೂರುತ್ತಾರೆ. ಹೊಸದಾಗಿ ಬಂದವಳೊಬ್ಬಳಿಗೆ, ಗಂಡನ ಮೌನ ನಿನ್ನ ಮೇಲಿನ ಸಿಟ್ಟಲ್ಲ, ತನ್ನ ಹಾಗೆ ವರ್ಷಗಟ್ಟಲೆ ಕಾಯದೆ ಬೇಗ ವೈದ್ಯರಿಗೆ ತೋರಿಸು ಎಂದು ಹೇಳುತ್ತಿದ್ದಾರೆ. ಬೇಕಾದರೆ ತಾವೂ ಜೊತೆಗೆ ಹೋಗುತ್ತಾರೆ. ಈಗ ಕಾಲೇಜು ಮುಗಿಸಿರುವ ನಿಖಿತಾ ಎಲೆ ಹಾಕುತ್ತಾ ಅಪ್ಪನಿಗೆ ತಮಿಳಿನಲ್ಲೇ ಗದರುತ್ತಾಳೆ, ಅಪ್ಪ ಕನ್ನಡದಲ್ಲೇ ಉತ್ತರಿಸುತ್ತಾರೆ.

ಶೀನಣ್ಣ ಈಗಲೂ ಮಾತ್ರೆ ನುಂಗುತ್ತಾರೆ. ಜೂನ್ ತಿಂಗಳು ಈಗಲೂ ಭಾರ. "ಪೂರ್ತಿ ಹೋಗಿದೆ ಅಂತ ಹೇಳುದಿಲ್ಲ. ಆದ್ರೆ ಈಗ ಖುಷಿ ಉಂಟು" ಎನ್ನುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಸಂಕೋಚದಿಂದ ಸೌಟು ಕೆಳಗಿಡುತ್ತಾರೆ. "ಒಂದು ಭಾನುವಾರ ಬೇರೆ ಯಾರಾದ್ರೂ ಅಡುಗೆ ಮಾಡ್ಲಿ. ನಾನು ಜಲಜನ ಪಕ್ಕ ಪಂಕ್ತಿಯಲ್ಲಿ ಕೂತು ಉಣ್ಬೇಕು. ಮದುವೆ ದಿನ ಕೂತದ್ದೇ ಕೊನೆ."

ಪಕ್ಕದಲ್ಲಿ ಬೀನ್ಸ್ ಮುರಿಯುತ್ತಿದ್ದ ಜಲಜಾಕ್ಷಿ ತಲೆ ಎತ್ತುವುದಿಲ್ಲ. "ಕೂತುಕೊಳ್ಳಿ. ಉಪ್ಪು ಕಮ್ಮಿ ಅಂತ ಮಧ್ಯದಲ್ಲಿ ಎದ್ದು ಒಲೆ ಹತ್ರ ಹೋಗದಿದ್ರೆ ಸಾಕು."