ಸ್ವಲ್ಪನಗಿಯವರು ಹಲ್ಲು ನೆಟ್ಟಗೆ ಮಾಡಿಸಿಕೊಂಡಿದ್ದು

ನಮ್ಮ ಬೀದಿಯ ಫೋಟೋ ಸ್ಟುಡಿಯೋದವರನ್ನು ಎಲ್ಲರೂ ಕರೆಯುತ್ತಿದ್ದುದು 'ಸ್ವಲ್ಪನಗಿ' ಅಂತಲೇ. ಕ್ಯಾಮೆರಾ ಹಿಂದೆ ನಿಂತು ದಿನವಿಡೀ ಅದೊಂದೇ ಮಾತು ಹೇಳುತ್ತಿದ್ದರು. ತಾವು ಮಾತ್ರ ಅಪ್ಪಿತಪ್ಪಿಯೂ ನಗುತ್ತಿರಲಿಲ್ಲ. ಮುಂದಿನ ಎರಡು ಹಲ್ಲುಗಳು ಜಗಳ ಆಡಿದ ವಾರಗಿತ್ತಿಯರ ಹಾಗೆ ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು. ಅದರಿಂದ ಅನ್ನಕ್ಕೇನೂ ಅಡ್ಡಿ ಆಗಿರಲಿಲ್ಲ. ಆದರೆ ಎದುರುಗಡೆ ಹೊಸ ಸ್ಟುಡಿಯೋ ತೆರೆದವನು, ಬಾಯಿ ತುಂಬ ಹಲ್ಲು ಕಿರಿದ ತನ್ನದೇ ಫೋಟೋವನ್ನು ಬಾಗಿಲೆತ್ತರಕ್ಕೆ ಹಿಗ್ಗಿಸಿ ನಿಲ್ಲಿಸಿದ. ಅವತ್ತಿನಿಂದ ಇವರಿಗೆ ಊಟ ಸೇರಲಿಲ್ಲ.

ಹಲ್ಲಿಗೆ ತಂತಿ ಹಾಕಿಸಿಕೊಳ್ಳೋಣವೆಂದರೆ ತಲೆ ಆಗಲೇ ಅರ್ಧ ಬೆಳ್ಳಗಾಗಿತ್ತು. ಅಷ್ಟರಲ್ಲಿ ಫೋನಿನಲ್ಲಿ ಒಂದು ಜಾಹೀರಾತು ಬಂತು. ಅಲೈನರ್ ಅಂತೆ, ಗಾಜಿನ ಹಾಗೆ ತೆಳ್ಳಗಿನ ಅಚ್ಚು. ಹಲ್ಲಿಗೆ ತೊಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದಾದ ಮೇಲೊಂದು ಅಚ್ಚು ಬದಲಾಯಿಸುತ್ತ ಹೋದರೆ ಹಲ್ಲು ತಾನಾಗಿ ಸಾಲಿಗೆ ಬರುತ್ತದೆ. ಸಾಕ್ಷಿಗೆ 'ಮೊದಲು', 'ಆಮೇಲೆ' ಎಂಬ ಫೋಟೋಗಳು.

"ರೀ, ಇದೇ ಅಲ್ವಾ ನೀವು ದಿನಾ ಕಂಪ್ಯೂಟರಲ್ಲಿ ಮಾಡೋ ಕೆಲ್ಸ? ಮೊನ್ನೆ ತಾನೇ ಒಬ್ಬರಿಗೆ ಇಲ್ಲದಿರೋ ಹಲ್ಲನ್ನೇ ಕೂರಿಸಿ ಕೊಟ್ರಿ" ಅಂದರು ಹೆಂಡತಿ.

"ಅದು ಫೋಟೋ ಕಣೇ. ಇದು ಮೆಡಿಕಲ್."

ಡಾಕ್ಟರ ಹತ್ತಿರ ಹೋಗುವ ಕೆಲಸವೇ ಇಲ್ಲ ಎಂದಿತ್ತು ಕಂಪನಿ. ಮನೆಗೇ ಒಂದು ಪೆಟ್ಟಿಗೆ ಬಂತು. ಒಳಗೆ ಹಿಟ್ಟಿನಂಥ ಮುದ್ದೆ. ಅದನ್ನು ಕಚ್ಚಿ ಹಲ್ಲಿನ ಅಚ್ಚು ಮೂಡಿಸಿ ವಾಪಸ್ ಕಳಿಸಬೇಕು. ಇವರು ಕಚ್ಚಿದ್ದೇ ತಡ ವಾಕರಿಕೆ ಬಂದು, ಅರ್ಧ ಮುದ್ದೆ ಅಂಗಿಯ ಮೇಲೆ, ಅರ್ಧ ಸೋಫಾದ ಮೇಲೆ. ಜೊತೆಗೆ ಇನ್ನೊಂದು ಮುದ್ದೆ ಕೊಟ್ಟಿದ್ದರು. ಇದನ್ನೆಲ್ಲ ನೋಡುತ್ತ ಕೂತಿದ್ದ ಮಾವನವರಿಗೆ ತಡೆಯಲಾಗಲಿಲ್ಲ.

"ಕೊಡಿ ಇಲ್ಲಿ ಅಳಿಯಂದ್ರೇ, ನಾನು ಕಚ್ಚಿ ತೋರಿಸ್ತೀನಿ" ಅಂದವರೇ ಕಟಕ್ಕನೆ ಕಚ್ಚಿದರು. ಸುಂದರವಾದ ಅಚ್ಚು ಮೂಡಿತು. ಮಾವನವರ ಬಾಯಲ್ಲಿ ಸ್ವಂತದ್ದು ಅಂತ ಇದ್ದದ್ದು ನಾಲಿಗೆ ಒಂದೇ. ಹಲ್ಲೆಲ್ಲ ರಾತ್ರಿ ಲೋಟದಲ್ಲಿ ಮಲಗುವ ಸೆಟ್ಟು. ಹೆಂಡತಿ ತಮಾಷೆಗೆಂದು ಅದನ್ನೇ ಕಳಿಸಿಬಿಟ್ಟರು.

ಮುಂದಿನ ವಾರ ಕಂಪನಿಯ ಹುಡುಗಿಯ ಫೋನು ಬಂತು. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಅಭಿನಂದನೆಗಳು ಸರ್! ನಮ್ಮ ಎಕ್ಸ್‌ಪರ್ಟ್ಸ್ ನಿಮ್ಮ ಹಲ್ಲು ನೋಡಿದ್ರು. ನಮ್ಮ ಟ್ರೀಟ್‌ಮೆಂಟಿಗೆ ಹೇಳಿ ಮಾಡಿಸಿದ ಹಾಗಿದೆಯಂತೆ. ಆರೇ ತಿಂಗಳಲ್ಲಿ ಎಲ್ಲಾ ಸರಿಹೋಗುತ್ತೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಮಾವನವರು ನಕ್ಕ ರಭಸಕ್ಕೆ ಸೆಟ್ಟು ಈಚೆಗೆ ಬಂತು. ಸ್ವಲ್ಪನಗಿಯವರಿಗೆ ಮಾತ್ರ ನಗು ಬರಲಿಲ್ಲ. ನಂಬಿದ್ದವರು ಅವರು ತಾನೇ.

ಆಮೇಲೆ ಹೋದದ್ದು ಮುಖ್ಯರಸ್ತೆಯ ದೊಡ್ಡ ಕ್ಲಿನಿಕ್ಕಿಗೆ. ಮೆತ್ತನೆ ಕುರ್ಚಿ, ಕಾಫಿ ಕೊಡುವ ಯಂತ್ರ, ಗೋಡೆ ತುಂಬ ಟಿ.ವಿ. ಕೋಟು ತೊಟ್ಟವನೊಬ್ಬ ಇವರ ಮುಖದ ಚಿತ್ರ ಹಿಡಿದು, ಮುಂದೆ ಹೀಗೆ ನಗ್ತೀರಿ ಅಂತ ಪರದೆಯ ಮೇಲೆ ತೋರಿಸಿದ. ಹಲ್ಲಂತೂ ಹೊಸದಾಗಿ ಸುಣ್ಣ ಹೊಡೆದ ಕಾಂಪೌಂಡಿನಂತಿತ್ತು.

"ಡಾಕ್ಟ್ರು ಎಲ್ಲಿ?"

"ಅವ್ರು ಬೇರೆ ಬ್ರಾಂಚಲ್ಲಿದ್ದಾರೆ ಸರ್. ಇವತ್ತೇ ಬುಕ್ ಮಾಡಿದ್ರೆ ಆಫರ್ ಇದೆ."

"ಬಾಯಿ ಯಾರು ನೋಡ್ತಾರೆ?"

"ಆ್ಯಪ್‌ನಲ್ಲೇ ಫೋಟೋ ಕಳಿಸಿದ್ರೆ ಸಾಕು."

ಫೋಟೋ ಎಂದದ್ದೇ ತಡ ಸ್ವಲ್ಪನಗಿಯವರು ಎದ್ದು ಬಂದರು. ಫೋಟೋದಲ್ಲಿ ಎಷ್ಟು ನಿಜ ಇರುತ್ತದೆಂದು ಕೊನೆಗೂ ನೆನಪಾಗಿತ್ತು.

ಕಡೆಗೆ ಸಿಕ್ಕಿದ್ದು ಔಷಧಿ ಅಂಗಡಿಯ ಮಹಡಿಯಲ್ಲಿದ್ದ ಒಬ್ಬ ಡಾಕ್ಟರಮ್ಮ. ಹಲ್ಲು ಸಾಲು ಮಾಡುವುದನ್ನೇ ಪ್ರತ್ಯೇಕ ಓದಿದವರು. ಮಾತಿಗೆ ಮೊದಲು ಬಾಯಿ ತೆರೆಸಿದರು, ಎಕ್ಸ್‌ರೇ ತೆಗೆಸಿದರು, ಆಮೇಲೆ ಗದರಿದರು.

"ವಸಡು ಊದಿಕೊಂಡಿದೆ. ಮೊದ್ಲು ಇದು ವಾಸಿ ಆಗ್ಲಿ. ಊಟ ಬಿಟ್ರೆ ಅಚ್ಚು ಸದಾ ಬಾಯಲ್ಲೇ ಇರ್ಬೇಕು. ಹೇಳಿದಾಗೆಲ್ಲ ಬಂದು ತೋರಿಸ್ಬೇಕು. ಆಗುತ್ತಾ ನಿಮ್ಮ ಕೈಲಿ?"

"ಪೂರ್ತಿ ನೆಟ್ಟಗಾಗುತ್ತಾ ಡಾಕ್ಟ್ರೇ?"

"ಮುಕ್ಕಾಲು ಪಾಲು ಆಗುತ್ತೆ. ಒಂದು ಹಲ್ಲು ಸ್ವಲ್ಪ ಹಟಮಾರಿ, ಅದರ ಗ್ಯಾರಂಟಿ ಕೊಡಲ್ಲ. ಆಮೇಲೂ ರಾತ್ರಿ ಹೊತ್ತು ಅಚ್ಚು ಹಾಕೋಬೇಕು, ಇಲ್ದಿದ್ರೆ ಹಲ್ಲು ಹಳೇ ಜಾಗಕ್ಕೇ ಹೊರಡುತ್ತೆ."

ಇಷ್ಟೆಲ್ಲ ಬೈಸಿಕೊಂಡು ಬಂದವರು ಮನೆಯಲ್ಲಿ, "ಒಳ್ಳೆ ಡಾಕ್ಟ್ರು ಕಣೇ, ಒಂದು ಆಸೆನೂ ತೋರಿಸ್ಲಿಲ್ಲ" ಅಂದರು. ಅಲ್ಲೇ ಮಾಡಿಸಿಕೊಂಡರು. ಮೊದಮೊದಲು 'ಸ'ಕಾರವೆಲ್ಲ ಗಾಳಿ ಬಿಟ್ಟ ಟೈರಾಯಿತು. ವಸಡು ನೊಂದಿತು. ವರ್ಷ ದಾಟಿ ಇನ್ನೂ ಸ್ವಲ್ಪ ಕಾಲಕ್ಕೆ ವಾರಗಿತ್ತಿಯರು ರಾಜಿಯಾದರು. ಹಟಮಾರಿ ಮಾತ್ರ ಒಂದು ಚೂರು ವಾಲಿಕೊಂಡೇ ಉಳಿಯಿತು.

ಈಗ ಅವರು ನಗುತ್ತಾರೆ. ತೊಂದರೆ ಶುರುವಾಗಿದ್ದೇ ಅಲ್ಲಿ. ಯಾರೇ ಬರಲಿ, ಇವರು ಮೊದಲು ಅವರ ಬಾಯಿ ನೋಡುತ್ತಾರೆ. "ನಿಮ್ದೂ ಒಂಚೂರು ಸೊಟ್ಟ ಇದೆ. ಕಂಪನಿಯವ್ರನ್ನ ನಂಬಬೇಡಿ, ನನ್ನ ಕೇಳಿ" ಅಂತ ತಮ್ಮ ತುಟಿ ಎತ್ತಿ ತೋರಿಸುತ್ತಾರೆ. ಫೋಟೋಗೆಂದು ಬಂದವರು ಪಾಠ ಕೇಳಿ, ಸಿಟ್ಟಿಗೆದ್ದು, ರಸ್ತೆ ದಾಟಿ ಎದುರಿನ ಸ್ಟುಡಿಯೋ ಸೇರುತ್ತಾರೆ.

"ಹಲ್ಲು ನೆಟ್ಟಗೆ ಮಾಡೋರು ಹೇಗೋ ಸಿಕ್ಕಿದ್ರು, ಈ ನಾಲಿಗೆಗೆ ಯಾರನ್ನ ಹುಡುಕ್ಲಿ?" ಅನ್ನುತ್ತಾರೆ ಹೆಂಡತಿ.